ಒಂದೇ ಮೋಸ, ದೇಶಕ್ಕೊಂದು ನ್ಯಾಯ

2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರು ಕಂಪನಿಗೆ ಒಂದು ನೋಟಿಸು ಕಳುಹಿಸಿತು. ಕಂಪನಿಯ ಡೀಸೆಲ್ ಕಾರುಗಳಲ್ಲಿ ಒಂದು ಕಳ್ಳ ತಂತ್ರಾಂಶ ಅಡಗಿದೆ ಎಂಬುದು ಅದರ ಸಾರ. ಪರೀಕ್ಷೆಯ ಯಂತ್ರದ ಮೇಲೆ ಕಾರು ನಿಂತಿದೆ ಎಂದು ಗೊತ್ತಾದ ಕೂಡಲೇ ಹೊಗೆ ಶುದ್ಧಮಾಡುವ ವ್ಯವಸ್ಥೆ ಚುರುಕಾಗುತ್ತಿತ್ತು. ಕಾರು ರಸ್ತೆಗಿಳಿದೊಡನೆ ಮಲಗಿಬಿಡುತ್ತಿತ್ತು. ಮೇಷ್ಟ್ರು ಬಂದಾಗ ಮಾತ್ರ ಪುಸ್ತಕ ತೆರೆಯುವ ಹುಡುಗನ ಹಾಗೆ. ರಸ್ತೆಯ ಮೇಲೆ ಆ ಕಾರುಗಳು ಉಗುಳುತ್ತಿದ್ದ ನೈಟ್ರೋಜನ್ ಆಕ್ಸೈಡ್ ಅಮೆರಿಕದ ಮಿತಿಗಿಂತ 40 ಪಟ್ಟಿನವರೆಗೂ ಇತ್ತು. ಜಗತ್ತಿನಾದ್ಯಂತ ಇಂತಹ ಸುಮಾರು 1.1 ಕೋಟಿ ವಾಹನಗಳು ಮಾರಾಟವಾಗಿದ್ದುವು ಎಂದು ಕಂಪನಿಯೇ ಒಪ್ಪಿಕೊಂಡಿತು.

‘ಪರಿಸರಕ್ಕೆ ಹಿತವಾದ ಡೀಸೆಲ್’ ಎಂಬ ಜಾಹೀರಾತನ್ನು ನಂಬಿ, ಹೆಚ್ಚು ಹಣ ತೆತ್ತು ಕಾರು ಕೊಂಡವರು ಹಲವು ದೇಶಗಳಲ್ಲಿದ್ದರು. ಕಂಪನಿ ಒಂದೇ, ಆರೋಪವೂ ಒಂದೇ. ಹೀಗಿರುವಾಗ ಸಿಕ್ಕ ಪರಿಹಾರವೂ ಹೆಚ್ಚುಕಡಿಮೆ ಒಂದೇ ಆಗಿರಬೇಕಲ್ಲವೆ? ಆಗಲಿಲ್ಲ. ಒಬ್ಬನಿಗೆ ಕಾರಿನ ಬೆಲೆ ಮರಳಿ ಬಂತು. ಇನ್ನೊಬ್ಬ ಐದು ವರ್ಷ ಕಾದ. ಮತ್ತೊಬ್ಬನ ಹೆಸರಿನಲ್ಲಿ ಸರ್ಕಾರ ದಂಡ ವಸೂಲು ಮಾಡಿ ತನ್ನ ಬೊಕ್ಕಸಕ್ಕೆ ಸೇರಿಸಿಕೊಂಡಿತು. ಗ್ರಾಹಕನ ರಕ್ಷಣೆ ಎಂಬ ಮಾತು ಎಲ್ಲ ದೇಶಗಳ ಕಾನೂನಿನಲ್ಲಿಯೂ ಇದೆ. ಆದರೆ ಆ ರಕ್ಷಣೆಗಾಗಿ ಮೊದಲು ಬಾಗಿಲು ತಟ್ಟಬೇಕಾದವರು ಯಾರು ಎಂಬುದಕ್ಕೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟುಕೊಂಡಿದೆ. ವ್ಯತ್ಯಾಸದ ಬೇರು ಅಲ್ಲಿದೆ.

ಅಮೆರಿಕದ ಲೆಕ್ಕ ಮೊದಲು ನೋಡೋಣ. ಪರಿಸರ ಸಂಸ್ಥೆಯ ಬೆನ್ನಿಗೇ 2016ರ ಮಾರ್ಚ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಎಂಬ ಇನ್ನೊಂದು ಸರ್ಕಾರಿ ಆಯೋಗ ಜಾಹೀರಾತಿನ ಸುಳ್ಳಿಗಾಗಿ ಬೇರೆಯೇ ಮೊಕದ್ದಮೆ ಹೂಡಿತು. ಕಾರು ಮಾಲೀಕರ ಪರ ವಕೀಲರು ಸಾಮೂಹಿಕ ದಾವೆಗಳೊಂದಿಗೆ ಆಗಲೇ ನ್ಯಾಯಾಲಯದಲ್ಲಿದ್ದರು. ಎಲ್ಲವೂ ಕ್ಯಾಲಿಫೋರ್ನಿಯದ ಒಂದೇ ನ್ಯಾಯಾಲಯದ ಮುಂದೆ ಬಂದು, ಜೂನ್ ವೇಳೆಗೆ 1,470 ಕೋಟಿ ಡಾಲರುಗಳವರೆಗಿನ ಒಪ್ಪಂದವಾಯಿತು. ಹಗರಣ ಬಯಲಾಗುವ ಮುನ್ನ ಕಾರಿಗೆ ಏನು ಬೆಲೆ ಇತ್ತೋ ಆ ಬೆಲೆಗೆ ಕಂಪನಿಯೇ ಅದನ್ನು ಮರಳಿ ಕೊಳ್ಳಬೇಕು; ಮೇಲೆ 5,100ರಿಂದ 10,000 ಡಾಲರ್‌ವರೆಗೆ ನಗದು ಕೊಡಬೇಕು ಎಂಬುದು ಷರತ್ತು. 2020ರಲ್ಲಿ ಆಯೋಗ ಲೆಕ್ಕ ಮುಗಿಸಿದಾಗ ಗ್ರಾಹಕರ ಕೈಸೇರಿದ್ದ ಮೊತ್ತ 950 ಕೋಟಿ ಡಾಲರಿಗೂ ಹೆಚ್ಚು. ಬಹುತೇಕ ಮಾಲೀಕರು ಒಂದು ಅರ್ಜಿ ತುಂಬಿದ್ದರೇ ಹೊರತು ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ.

ಇನ್ನು ಕಂಪನಿಯ ತವರಾದ ಜರ್ಮನಿ. ಅಲ್ಲಿ ಸುಮಾರು 24 ಲಕ್ಷ ಕಾರುಗಳಿದ್ದುವು. ಸಾರಿಗೆ ಇಲಾಖೆ ಕಾರುಗಳನ್ನು ವಾಪಸು ಕರೆಸಿ ತಂತ್ರಾಂಶ ಸರಿಪಡಿಸಲು ಆಜ್ಞೆ ಮಾಡಿತು, ಅಷ್ಟೆ. ಹಣದ ಮಾತಿಲ್ಲ. ಹಣ ಬೇಕಾದವನು ತಾನೇ ವಕೀಲನನ್ನು ಹಿಡಿದು, ಯೂರೋಪಿನ ಅತಿದೊಡ್ಡ ಕಾರು ಕಂಪನಿಯ ಎದುರು ದಾವೆ ಹೂಡಬೇಕಿತ್ತು. ಲಕ್ಷಾಂತರ ಜನರ ಪರವಾಗಿ ಒಟ್ಟಿಗೆ ಮೊಕದ್ದಮೆ ನಡೆಸುವ ಪದ್ಧತಿಯೇ ಆಗ ಅಲ್ಲಿ ಇರಲಿಲ್ಲ. ದಾವೆ ಹೂಡುವ ಕಾಲಮಿತಿ 2018ರ ಕೊನೆಗೆ ತೀರಿಹೋಗುವುದಿತ್ತು. ಗಡಿಬಿಡಿಯಲ್ಲಿ ಒಂದು ಹೊಸ ಕಾನೂನು ತಂದರು. ಅದು ಜಾರಿಗೆ ಬಂದ ನವೆಂಬರ್ 1ರಂದೇ ಅಲ್ಲಿನ ಗ್ರಾಹಕ ಸಂಘಗಳ ಒಕ್ಕೂಟ ದಾವೆ ಸಲ್ಲಿಸಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದರು. ಸ್ವಾರಸ್ಯವೆಂದರೆ ಆ ಕಾನೂನಿನ ಪ್ರಕಾರ ನ್ಯಾಯಾಲಯ ‘ಕಂಪನಿಯದು ತಪ್ಪು’ ಎಂದು ಘೋಷಿಸಬಹುದಿತ್ತು, ಹಣ ಕೊಡಿಸುವಂತಿರಲಿಲ್ಲ! ಘೋಷಣೆಯ ಕಾಗದ ಹಿಡಿದು ಪ್ರತಿಯೊಬ್ಬನೂ ಮತ್ತೆ ತನ್ನ ದಾವೆ ತಾನು ಹೂಡಬೇಕು. ಕೊನೆಗೆ 2020ರ ಫೆಬ್ರುವರಿಯಲ್ಲಿ ರಾಜಿಯಾಯಿತು. ಸುಮಾರು 2.6 ಲಕ್ಷ ಜನರಿಗೆ ತಲಾ 1,350ರಿಂದ 6,257 ಯೂರೊ ಕೊಡುವುದಾಗಿ ಕಂಪನಿ ಒಪ್ಪಿತು. ರಾಜಿಗೆ ಒಪ್ಪದೆ ಒಂಟಿಯಾಗಿ ಹೋರಾಡಿದವರಲ್ಲಿ ಒಬ್ಬನ ಪ್ರಕರಣದಲ್ಲಿ ಅದೇ ವರ್ಷದ ಮೇ 25ರಂದು ಜರ್ಮನಿಯ ಪರಮೋಚ್ಚ ಸಿವಿಲ್ ನ್ಯಾಯಾಲಯ ಕಾರು ಹಿಂದಿರುಗಿಸಿ, ಬಳಕೆಯ ಸವಕಳಿ ಕಳೆದು, ಉಳಿದ ಬೆಲೆ ಪಡೆಯಬಹುದೆಂದು ತೀರ್ಪು ಕೊಟ್ಟಿತು. ಮೊದಲು ರಾಜಿಯಾದವರು ಕೈಹಿಸುಕಿಕೊಂಡಿರಬೇಕು.

ಜರ್ಮನಿಯ ಕತೆಯಲ್ಲಿ ಇನ್ನೊಂದು ತಿರುವಿದೆ. 2018ರ ಜೂನ್‌ನಲ್ಲಿ ಅಲ್ಲಿನ ಪ್ರಾಸಿಕ್ಯೂಟರುಗಳು ಕಂಪನಿಗೆ 100 ಕೋಟಿ ಯೂರೊ ದಂಡ ವಿಧಿಸಿದ್ದರು. ಅದು ಹೋದದ್ದು ಲೋವರ್ ಸ್ಯಾಕ್ಸನಿ ಎಂಬ ರಾಜ್ಯದ ಬೊಕ್ಕಸಕ್ಕೆ. ಕಂಪನಿಯಲ್ಲಿ ಶೇಕಡಾ 20ರಷ್ಟು ಮತಾಧಿಕಾರವಿರುವ ಪಾಲುದಾರನೂ ಅದೇ ರಾಜ್ಯ.

ಬೇರೆಡೆಯ ಕತೆಗಳೂ ಹೀಗೇ ಚಿತ್ರವಿಚಿತ್ರ. ಇಟಲಿಯ ಪ್ರಾಧಿಕಾರ 2016ರಲ್ಲಿ 50 ಲಕ್ಷ ಯೂರೊ ದಂಡ ಹಾಕಿತು. ನೆದರ್ಲೆಂಡ್ಸಿನದು 2017ರಲ್ಲಿ ನಾಲ್ಕೂವರೆ ಲಕ್ಷ ಯೂರೊ. ಎರಡೂ ಆಗ ಕಾನೂನಿನಲ್ಲಿ ಇದ್ದ ಗರಿಷ್ಠ ದಂಡಗಳೇ. ಬ್ರಿಟನ್ನಿನಲ್ಲಿ ಸುಮಾರು 91,000 ಮಂದಿ ವಕೀಲರ ಮೂಲಕ ಒಟ್ಟುಗೂಡಿ ದಾವೆ ಹೂಡಿ, 2022ರ ಮೇ ತಿಂಗಳಲ್ಲಿ 19.3 ಕೋಟಿ ಪೌಂಡಿಗೆ ರಾಜಿಯಾದರು. ಗುಂಪಿಗೆ ಸೇರದವರಿಗೆ ಅದರಲ್ಲಿ ಪಾಲಿಲ್ಲ. ಆಸ್ಟ್ರೇಲಿಯದಲ್ಲಿ ಗ್ರಾಹಕ ಆಯೋಗವೂ ಕಂಪನಿಯೂ ಮಾತಾಡಿಕೊಂಡು 7.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿದ್ದವು. ನ್ಯಾಯಾಧೀಶರು ಅದು ತೀರಾ ಕಡಿಮೆಯೆಂದು ತಳ್ಳಿಹಾಕಿ, 2019ರ ಡಿಸೆಂಬರಿನಲ್ಲಿ 12.5 ಕೋಟಿ ಆಸ್ಟ್ರೇಲಿಯನ್ ಡಾಲರ್ ವಿಧಿಸಿದರು. ಕಾವಲುಗಾರನೇ ಸಡಿಲಬಿಟ್ಟಾಗ ನ್ಯಾಯಪೀಠ ಹಗ್ಗ ಬಿಗಿದ ಅಪರೂಪದ ನಿದರ್ಶನ ಇದು.

ಭಾರತದಲ್ಲಿ ಏನಾಯಿತು? 2015ರ ಡಿಸೆಂಬರಿನಲ್ಲಿ ಸುಮಾರು 3.23 ಲಕ್ಷ ಕಾರುಗಳನ್ನು ತಂತ್ರಾಂಶದ ದುರಸ್ತಿಗಾಗಿ ವಾಪಸು ಕರೆಯುವುದಾಗಿ ಕಂಪನಿ ಪ್ರಕಟಿಸಿತು. ತಾನು ಇಲ್ಲಿನ ನಿಯಮಗಳನ್ನು ಮೀರಿಲ್ಲವೆಂದೇ ಅದರ ವಾದ. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ಕಟ್ಟಲು ಆದೇಶಿಸಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಓದುಗರು ಗಮನಿಸಬೇಕಾದದ್ದು, ಹಸಿರು ನ್ಯಾಯಮಂಡಳಿ ಗ್ರಾಹಕರ ಸಂಸ್ಥೆಯಲ್ಲ. ಆ ಹಣ ಕೇಳಿದ್ದು ಗಾಳಿ ಕೆಟ್ಟದ್ದಕ್ಕೆ. ಕಾರು ಕೊಂಡವನು ಮೋಸ ಹೋದದ್ದಕ್ಕೆ ಅಲ್ಲ.

ಯಾಕೆ ಹೀಗೆ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಆಯೋಗ 1914ರಲ್ಲಿ ಹುಟ್ಟಿದ್ದು ಗ್ರಾಹಕನಿಗಾಗಿ ಅಲ್ಲವೇ ಅಲ್ಲ. ದೊಡ್ಡ ಕಂಪನಿಗಳು ಸಣ್ಣ ವ್ಯಾಪಾರಿಗಳನ್ನು ನುಂಗಿಹಾಕುವುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಆ ಕಾಲದಲ್ಲಿ ‘ಮಾರ್ಮೋಲಾ’ ಎಂಬ ಬೊಜ್ಜು ಕರಗಿಸುವ ಗುಳಿಗೆಯೊಂದು ಭರಾಟೆಯಿಂದ ಮಾರಾಟವಾಗುತ್ತಿತ್ತು. ಅದರ ಜಾಹೀರಾತನ್ನು ಆಯೋಗ ತಡೆಯಹೊರಟಾಗ 1931ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದೇನು ಗೊತ್ತೆ? ಜನ ಮೋಸಹೋದರಷ್ಟೇ ಸಾಲದು, ಪ್ರತಿಸ್ಪರ್ಧಿ ವ್ಯಾಪಾರಿಗೆ ನಷ್ಟವಾಗಿದೆಯೆಂದು ತೋರಿಸಬೇಕು ಎಂದು! ಗುಳಿಗೆ ನುಂಗಿದವನ ಗತಿ ಕಾನೂನಿನ ಲೆಕ್ಕಕ್ಕೆ ಬರಲಿಲ್ಲ. 1938ರಲ್ಲಿ ಕಾನೂನು ತಿದ್ದಿದ ಬಳಿಕವೇ ‘ವಂಚನೆಯ ವ್ಯವಹಾರ’ವನ್ನು ನೇರವಾಗಿ ತಡೆಯುವ ಅಧಿಕಾರ ಆಯೋಗಕ್ಕೆ ಬಂತು. ಈ ಹುಟ್ಟುಗುಣ ಇಂದಿಗೂ ಉಳಿದಿದೆ. ಆಯೋಗ ಒಬ್ಬೊಬ್ಬರ ಜಗಳ ಬಿಡಿಸುವುದಿಲ್ಲ. ನಿಮ್ಮ ದೂರನ್ನು ಪಡೆದು ಕಡತಕ್ಕೆ ಸೇರಿಸುತ್ತದೆ. ಅಂಥ ದೂರುಗಳು ರಾಶಿಯಾದಾಗ ತಾನೇ ಫಿರ್ಯಾದಿಯಾಗಿ ಕೋರ್ಟಿಗೆ ಹೋಗುತ್ತದೆ. ಅದರ ಬಲಕ್ಕೂ ಮಿತಿ ಇದೆ. ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಹಣ ಮರಳಿಸಲು ಆಯೋಗ ನೆಚ್ಚಿಕೊಂಡಿದ್ದ ಕಾನೂನಿನ ಕಲಮು ಹಣ ಕೊಡಿಸುವ ಅಧಿಕಾರವನ್ನೇ ಕೊಡುವುದಿಲ್ಲವೆಂದು 2021ರ ಏಪ್ರಿಲ್‌ನಲ್ಲಿ, ಬೇರೊಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪಿತ್ತಿತು. ಕಾರು ಮಾಲೀಕರ ಅದೃಷ್ಟ, ಅವರ ಹಣ ಅಷ್ಟರಲ್ಲಿ ಬಂದಾಗಿತ್ತು.

ಜರ್ಮನಿಯಲ್ಲಿ ಅಂಗಡಿಯ ಮೋಸ ಸರ್ಕಾರ ತಲೆಹಾಕುವ ವಿಷಯವೆಂದು ಯಾರೂ ಎಣಿಸಿರಲಿಲ್ಲ. 1896ರ, ಆಮೇಲೆ 1909ರ ಅನುಚಿತ ಸ್ಪರ್ಧೆಯ ಕಾನೂನು ವ್ಯಾಪಾರಿಗಳೇ ಪರಸ್ಪರ ದಾವೆ ಹೂಡಿ ಮಾರುಕಟ್ಟೆಯನ್ನು ಚೊಕ್ಕಟವಾಗಿಟ್ಟುಕೊಳ್ಳಲಿ ಎಂಬ ನಂಬಿಕೆಯ ಮೇಲೆ ನಿಂತಿತ್ತು. 1965ರಲ್ಲಿ ಗ್ರಾಹಕ ಸಂಘಗಳಿಗೂ ಆ ಹಕ್ಕು ದೊರೆಯಿತು. ಹೀಗಾಗಿ ಅಲ್ಲಿ ಗ್ರಾಹಕನ ಕಾವಲುಗಾರ ಒಬ್ಬ ಅಧಿಕಾರಿಯಲ್ಲ, ಒಂದು ಸಂಘ. ಅದೂ ಬಹುಮಟ್ಟಿಗೆ ಸರ್ಕಾರದ ಅನುದಾನದಿಂದ ನಡೆಯುವ ಸಂಘ. ಸುಳ್ಳು ಜಾಹೀರಾತು ನಿಲ್ಲಿಸುವುದರಲ್ಲಿ ಸಂಘಗಳು ಪಳಗಿದ್ದುವು. ಕಳೆದುಹೋದ ಹಣ ವಾಪಸು ತರುವ ಆಯುಧ ಅವುಗಳ ಬಳಿ ಇರಲಿಲ್ಲ. ಸಂಘ ನೇರವಾಗಿ ಹಣವನ್ನೇ ಕೇಳಬಹುದಾದ ದಾವೆ ಬಂದದ್ದು 2023ರ ಅಕ್ಟೋಬರಿನಲ್ಲಿ, ಅದೂ ಯೂರೋಪಿಯನ್ ಒಕ್ಕೂಟದ ನಿರ್ದೇಶನದಿಂದ.

ಈ ಎರಡಕ್ಕೂ ಭಿನ್ನವಾದ ದಾರಿ ಸ್ವೀಡನ್ನಿನದು. ಓಂಬುಡ್ಸ್‌ಮನ್ ಎಂಬ ಪದ ಜಗತ್ತಿಗೆ ಬಂದದ್ದೇ ಆ ದೇಶದಿಂದ. ಆಡಳಿತದ ತಪ್ಪುಗಳನ್ನು ನೋಡಲು 1809ರಲ್ಲಿ ಅವರು ಮಾಡಿಕೊಂಡ ಏರ್ಪಾಡು ಅದು. ನಮ್ಮ ಲೋಕಾಯುಕ್ತದ ಮೂಲ ಕಲ್ಪನೆಯೂ ಅಲ್ಲಿಯದೇ. 1971ರಲ್ಲಿ ಸ್ವೀಡನ್ ಮಾರುಕಟ್ಟೆಗೂ ಒಬ್ಬ ಓಂಬುಡ್ಸ್‌ಮನ್‌ನನ್ನು ನೇಮಿಸಿ, ಜೊತೆಗೆ ಒಂದು ಪ್ರತ್ಯೇಕ ಮಾರುಕಟ್ಟೆ ನ್ಯಾಯಾಲಯವನ್ನೂ ಕಟ್ಟಿತು. (ಆ ನ್ಯಾಯಾಲಯ 2016ರಲ್ಲಿ ಬೇರೆ ನ್ಯಾಯಾಲಯಗಳಲ್ಲಿ ವಿಲೀನವಾಯಿತು.) ಓಂಬುಡ್ಸ್‌ಮನ್ ಮೊದಲು ಕಂಪನಿಯನ್ನು ಕರೆಸಿ ಮಾತನಾಡುತ್ತಾನೆ. ಕೇಳದಿದ್ದರೆ ಕೋರ್ಟು. ಇನ್ನು ‘ನನ್ನ ಬೂಟಿನ ಅಟ್ಟೆ ಎರಡೇ ತಿಂಗಳಿಗೆ ಕಿತ್ತುಬಂತು’ ಎನ್ನುವ ವೈಯಕ್ತಿಕ ದೂರುಗಳಿಗೆ 1968ರಿಂದಲೂ ಬೇರೆಯೇ ಮಂಡಳಿ ಇದೆ. ಅದರ ತೀರ್ಮಾನ ಬರೀ ಶಿಫಾರಸು, ಪಾಲಿಸಲೇಬೇಕೆಂಬ ಬಲವಂತವಿಲ್ಲ. ಆದರೂ ಬಹುಪಾಲು ಕಂಪನಿಗಳು ಪಾಲಿಸುತ್ತವೆ. ಪಾಲಿಸದವರ ಹೆಸರನ್ನು ಅಲ್ಲಿನ ಒಂದು ಗ್ರಾಹಕ ಪತ್ರಿಕೆ ‘ಕಪ್ಪುಪಟ್ಟಿ’ ಎಂದು ಪ್ರಕಟಿಸುತ್ತದೆ. ಆ ಪಟ್ಟಿಯ ಅಂಜಿಕೆಯೇ ಕೋರ್ಟಿನ ಕೆಲಸ ಮಾಡುತ್ತದೆ. ನಮ್ಮೂರಿನ ಪತ್ರಿಕೆ ಇಂಥ ಪಟ್ಟಿ ಹಾಕಿದರೆ ಎಷ್ಟು ಮಂದಿ ಅಂಜಿಯಾರು ಎಂದು ಯೋಚಿಸಿದರೆ ನಗು ಬರುತ್ತದೆ.

ಈಗ ನಮ್ಮ ಮನೆಗೆ ಬರೋಣ. 1985ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿಗಳನ್ನು ಅಂಗೀಕರಿಸಿತು. 1986ರ ಡಿಸೆಂಬರ್ 24ರಂದು ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಭಾರತ ಆರಿಸಿಕೊಂಡದ್ದು ಅಮೆರಿಕದಂತೆ ಸರ್ಕಾರಿ ಫಿರ್ಯಾದಿಯನ್ನೂ ಅಲ್ಲ, ಸ್ವೀಡನ್ನಿನಂತೆ ಓಂಬುಡ್ಸ್‌ಮನ್‌ನನ್ನೂ ಅಲ್ಲ. ಪ್ರತಿ ಜಿಲ್ಲೆಗೊಂದು ಪುಟ್ಟ ನ್ಯಾಯಸ್ಥಾನ, ಅದರ ಮೇಲೆ ರಾಜ್ಯಕ್ಕೊಂದು, ದೆಹಲಿಯಲ್ಲಿ ಒಂದು. ವಕೀಲನಿಲ್ಲದೆ ಯಾರೂ ಹೋಗಿ ತಮ್ಮ ಕತೆ ಹೇಳಬಹುದು. ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ. ಸಾಮಾನ್ಯನನ್ನು ಹೀಗೆ ನೇರವಾಗಿ ನ್ಯಾಯಪೀಠದ ಎದುರು ನಿಲ್ಲಿಸಿದ ವ್ಯವಸ್ಥೆ ಬೇರೆ ದೇಶಗಳಲ್ಲಿ ವಿರಳ. ಅದರ ವ್ಯಾಪ್ತಿಯೂ ದೊಡ್ಡದು. 1993ರಲ್ಲಿ ಸುಪ್ರೀಂ ಕೋರ್ಟು ಗೃಹನಿರ್ಮಾಣ ಮಾಡುವ ಸರ್ಕಾರಿ ಪ್ರಾಧಿಕಾರಗಳನ್ನೂ, 1995ರಲ್ಲಿ ಹಣ ಪಡೆದು ಚಿಕಿತ್ಸೆ ಕೊಡುವ ವೈದ್ಯರನ್ನೂ ಇದರೊಳಕ್ಕೆ ತಂದಿತು. (ವಕೀಲರು ಮಾತ್ರ ಹೊರಗುಳಿದರು, ಅವರ ಸೇವೆ ಈ ಕಾಯ್ದೆಗೆ ಒಳಪಡದೆಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ. ಇದರ ಬಗ್ಗೆ ಟೀಕೆ ಬೇಡ!) 2019ರ ಹೊಸ ಕಾಯ್ದೆಯಿಂದಾಗಿ ರಾಯಚೂರಿನವರು ದೆಹಲಿಯ ಕಂಪನಿಯ ಮೇಲೆ ರಾಯಚೂರಿನಲ್ಲೇ ದೂರು ಹೂಡಬಹುದು.

ಇಷ್ಟೆಲ್ಲ ಇದ್ದೂ ಇಲ್ಲಿ ಒಂದು ತೂತಿತ್ತು. ಈ ನ್ಯಾಯಸ್ಥಾನಗಳು ದೂರುದಾರ ಬರುವವರೆಗೆ ಕಾಯುತ್ತ ಕೂರುವಂಥವು. ಒಬ್ಬನಿಗೆ ಒಂದು ಲಕ್ಷ ಮೋಸವಾದರೆ ಅವನು ಬಂದೇ ಬರುತ್ತಾನೆ. ಒಂದು ಲಕ್ಷ ಜನರಿಗೆ ತಲಾ ಹತ್ತು ರೂಪಾಯಿ ಮೋಸವಾದರೆ? ಹತ್ತು ರೂಪಾಯಿಗಾಗಿ ಕೆಲಸ ಬಿಟ್ಟು, ಬಸ್ ಚಾರ್ಜು ತೆತ್ತು, ವಾಯಿದೆಯ ಮೇಲೆ ವಾಯಿದೆ ಅಲೆಯುವವರು ಯಾರು? ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ತೀರ್ಮಾನವಾಗಬೇಕೆಂದು ಕಾನೂನು ಹೇಳುತ್ತದೆ. ಅಲ್ಲಿಗೆ ಅಲೆದವರಿಗೆ ನಿಜಸ್ಥಿತಿ ಗೊತ್ತು. ವ್ಯಾಪಾರಿಗೂ ಗೊತ್ತು.

ಇಡೀ ಗ್ರಾಹಕ ಸಮೂಹದ ಪರವಾಗಿ ಸರ್ಕಾರವೇ ದೂರು ಕೊಡಬಹುದೆಂಬ ಒಂದು ಕಲಮು 1986ರ ಕಾಯ್ದೆಯ ಮೂಲೆಯಲ್ಲಿತ್ತು. ದೂಳು ಹಿಡಿದಿದ್ದ ಅದನ್ನು ಮೊದಲ ಬಾರಿಗೆ ಹೊರತೆಗೆದದ್ದು 2015ರಲ್ಲಿ, ಮ್ಯಾಗಿ ನೂಡಲ್ಸ್ ಪ್ರಕರಣದಲ್ಲಿ. ಕೇಂದ್ರ ಸರ್ಕಾರ ನೆಸ್ಲೆ ಕಂಪನಿಯಿಂದ ಸುಮಾರು 640 ಕೋಟಿ ರೂಪಾಯಿ ಕೊಡಿಸಬೇಕೆಂದು ರಾಷ್ಟ್ರೀಯ ಆಯೋಗವನ್ನು ಕೇಳಿತು. 2024ರ ಏಪ್ರಿಲ್‌ನಲ್ಲಿ ದೂರು ವಜಾ ಆಯಿತು.

ನಮ್ಮಲ್ಲಿ ತಾನಾಗಿ ತನಿಖೆ ಮಾಡುವ ಸಂಸ್ಥೆ ಎಂದೂ ಇರಲಿಲ್ಲವೆ? ಇತ್ತು. ಏಕಸ್ವಾಮ್ಯ ತಡೆಗಾಗಿ 1970ರಲ್ಲಿ ಹುಟ್ಟಿದ ಎಂ.ಆರ್.ಟಿ.ಪಿ. ಆಯೋಗಕ್ಕೆ 1984ರಲ್ಲಿ ಸುಳ್ಳು ಜಾಹೀರಾತಿನಂಥ ಅನುಚಿತ ವ್ಯಾಪಾರಗಳನ್ನು ವಿಚಾರಿಸುವ ಅಧಿಕಾರ ಕೊಡಲಾಗಿತ್ತು. ಅದರ ಜೊತೆಗೆ ತನಿಖಾಧಿಕಾರಿಗಳೂ ಇದ್ದರು. ಹಳೆಯ ಲೈಸೆನ್ಸ್ ರಾಜ್ಯದ ಪಳೆಯುಳಿಕೆ ಎಂದು ಅದರ ಕಾನೂನನ್ನು ರದ್ದುಮಾಡಿದರು. ಸ್ಪರ್ಧೆಯ ವಿಚಾರ ಹೊಸ ಆಯೋಗಕ್ಕೆ ಹೋಯಿತು. ಗ್ರಾಹಕನ ಪಾಲಿನ ತನಿಖೆ ಯಾರಿಗೂ ಹೋಗಲಿಲ್ಲ. ರದ್ದತಿ ಜಾರಿಗೆ ಬಂದ ದಿನ 2009ರ ಸೆಪ್ಟೆಂಬರ್ 1.

ಕಾಕತಾಳೀಯವೆಂದರೆ ಅದೇ ದಿನ ಜಪಾನ್ ತನ್ನ ಗ್ರಾಹಕ ವ್ಯವಹಾರಗಳ ಸಂಸ್ಥೆಯನ್ನು ತೆರೆಯಿತು. ಅಲ್ಲಿನ ಕಷ್ಟ ಬೇರೆ ತೆರನದು. ಇಲಾಖೆಗಳು ಹಲವಿದ್ದವು, ಒಂದರ ಎಲ್ಲೆ ಮುಗಿದು ಇನ್ನೊಂದರ ಎಲ್ಲೆ ಶುರುವಾಗುವ ಸಂದಿಯಲ್ಲಿ ಜನ ಸಾಯುತ್ತಿದ್ದರು. ಸುವರ್ಣಗೆಡ್ಡೆಯ ಜಾತಿಯ ಒಂದು ಗೆಡ್ಡೆಯಿಂದ ಮಾಡಿ, ಪುಟ್ಟ ಬಟ್ಟಲಿನಲ್ಲಿ ಮಾರುವ ಗಟ್ಟಿ ಜೆಲ್ಲಿ ಅಲ್ಲಿ ಜನಪ್ರಿಯ. ಅದು ಗಂಟಲಿಗೆ ಸಿಕ್ಕಿಕೊಂಡು ಮಕ್ಕಳೂ ಮುದುಕರೂ ಸತ್ತರು. ಆಹಾರದ ಕಾನೂನು, ‘ಅದರಲ್ಲಿ ವಿಷವಿಲ್ಲ, ಆಕಾರಕ್ಕೆ ನಾವೇನು ಮಾಡೋಣ’ ಎಂದಿತು. ವಸ್ತುಗಳ ಸುರಕ್ಷತೆಯ ಕಾನೂನು, ‘ಅದು ತಿನ್ನುವ ಪದಾರ್ಥ, ನಮಗೆ ಸೇರಿದ್ದಲ್ಲ’ ಎಂದಿತು. 2008ರ ಆರಂಭದಲ್ಲಿ ಚೀನಾದಿಂದ ಬಂದ ಕಡುಬಿನಂಥ ಶೀತಲೀಕೃತ ತಿನಿಸಿನಲ್ಲಿ ಕೀಟನಾಶಕವಿದ್ದು ಹತ್ತು ಮಂದಿ ಅಸ್ವಸ್ಥರಾದ ಸುದ್ದಿ ಹೊರಬಿದ್ದಾಗ ಜನರ ತಾಳ್ಮೆ ತಪ್ಪಿತು. ಸಂದಿಯಲ್ಲಿ ಬಿದ್ದ ಪ್ರಕರಣಗಳನ್ನು ಎತ್ತಿಕೊಳ್ಳಲೆಂದೇ ಹೊಸ ಸಂಸ್ಥೆ ಬಂತು. 2015ರಿಂದ ಅಲ್ಲಿ 188 ಎಂಬ ದೂರವಾಣಿ ಸಂಖ್ಯೆಯೂ ಇದೆ. ಜಪಾನಿ ಭಾಷೆಯಲ್ಲಿ ಆ ಅಂಕಿಗಳನ್ನು ‘ಇಯಾಯ’ ಎಂದು ಓದಬಹುದಂತೆ. ‘ಬೇಡಪ್ಪಾ ಬೇಡ’ ಎಂಬರ್ಥ ಬರುವ ಮಾತು ಅದು.

ನಮ್ಮಲ್ಲಿ ಖಾಲಿಬಿದ್ದ ಕುರ್ಚಿ ತುಂಬಿದ್ದು ಹನ್ನೊಂದು ವರ್ಷದ ಮೇಲೆ. ಡೀಸೆಲ್ ಹಗರಣ ನಡುವಿನ ಆ ಶೂನ್ಯದಲ್ಲೇ ಬಂದುಹೋಯಿತು. 2019ರ ಕಾಯ್ದೆಯ ಪ್ರಕಾರ 2020ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಸ್ತಿತ್ವಕ್ಕೆ ಬಂತು. ಯಾರೂ ದೂರು ಕೊಡದಿದ್ದರೂ ಅದು ತಾನೇ ತನಿಖೆ ನಡೆಸಬಹುದು, ಜಾಹೀರಾತು ನಿಲ್ಲಿಸಬಹುದು, ಹಣ ವಾಪಸು ಕೊಡಿಸಬಹುದು. ಆದರೆ ಸುಳ್ಳು ಜಾಹೀರಾತಿಗೆ ಅದು ಹಾಕಬಹುದಾದ ದಂಡ 10 ಲಕ್ಷ ರೂಪಾಯಿ. ಮತ್ತೆ ಮಾಡಿದರೆ 50 ಲಕ್ಷ. ಬ್ರಿಟನ್ನಿನ ಪ್ರಾಧಿಕಾರ 2025ರ ಏಪ್ರಿಲ್‌ನಿಂದ ಕಂಪನಿಯ ಜಾಗತಿಕ ವಹಿವಾಟಿನ ಶೇಕಡಾ 10ರವರೆಗೆ ದಂಡ ಹಾಕಬಲ್ಲದು, ಅದೂ ಕೋರ್ಟಿಗೆ ಹೋಗದೆ. ಟಿ.ವಿ.ಯ ಒಂದು ದೊಡ್ಡ ಜಾಹೀರಾತಿನ ಖರ್ಚಿನ ಮುಂದೆ ನಮ್ಮ ಹತ್ತು ಲಕ್ಷ ಯಾವ ಲೆಕ್ಕ?

ಹಾಗಾದರೆ ಪ್ರಾಧಿಕಾರದಿಂದ ಉಪಯೋಗವೇ ಇಲ್ಲವೆ? ಬೆಂಗಳೂರಿನವರಿಗೆ ಪರಿಚಯವಿರುವ ಒಂದು ಪ್ರಕರಣ ಇದೆ. ‘ಐದು ನಿಮಿಷದಲ್ಲಿ ಆಟೊ, ಇಲ್ಲವಾದರೆ 50 ರೂಪಾಯಿ’ ಎಂಬ ಜಾಹೀರಾತನ್ನು ಬೆಂಗಳೂರು ಮೂಲದ ರ್‍ಯಾಪಿಡೊ ಕಂಪನಿ ಸುಮಾರು ಒಂದೂವರೆ ವರ್ಷ 120ಕ್ಕೂ ಹೆಚ್ಚು ನಗರಗಳಲ್ಲಿ ಹಲವು ಭಾಷೆಗಳಲ್ಲಿ ಹರಡಿತ್ತು. ಆಟೊ ತಡವಾದಾಗ ಸಿಗುತ್ತಿದ್ದುದು ರೂಪಾಯಿಯಲ್ಲ, ‘ಗರಿಷ್ಠ 50’ ಎಂಬ ಸಣ್ಣಕ್ಷರದ ಷರತ್ತಿಗೊಳಪಟ್ಟ ‘ಕಾಯಿನ್’. ಅದನ್ನೂ ಬಳಸಬಹುದಾದದ್ದು ಬೈಕ್ ಸವಾರಿಗೆ, ಏಳು ದಿನದೊಳಗೆ. 2025ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಜಾಹೀರಾತು ನಿಲ್ಲಿಸಲು ಹೇಳಿ 10 ಲಕ್ಷ ರೂಪಾಯಿ ದಂಡ ವಿಧಿಸಿತು. ಜೊತೆಗೆ, ಆ ಕೊಡುಗೆಯನ್ನು ನಂಬಿ 50 ರೂಪಾಯಿ ಸಿಗದೆ ಹೋದ ಗ್ರಾಹಕರೆಲ್ಲರಿಗೂ, ಯಾವ ಷರತ್ತೂ ಇಲ್ಲದೆ, ಆ ಹಣ ಪೂರ್ತಿ ಕೊಡಬೇಕೆಂದು ಆದೇಶಿಸಿತು. ಐವತ್ತು ರೂಪಾಯಿಗಾಗಿ ಜಿಲ್ಲಾ ಆಯೋಗಕ್ಕೆ ಹೋಗದವರೂ ಆ ‘ಎಲ್ಲರ’ಲ್ಲಿ ಸೇರಿದ್ದರು.